ವಿದೇಶದ ನೌಕರಿಗೆ ಯಾವ ಊರು? ಓದುಗರ ಮೂರು ಪತ್ರಗಳು, ನಮ್ಮ ಉತ್ತರಗಳು

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹಲವರು ಒಂದೇ ವಿಷಯವನ್ನು ಕೇಳಿದ್ದಾರೆ. ಹೊರದೇಶದಲ್ಲಿ ನೌಕರಿ ಸಿಗುವ ಹಾಗಿದೆ, ಆದರೆ ಯಾವ ಊರಿಗೆ ಹೋಗಬೇಕೆಂಬುದು ಮನೆಯಲ್ಲಿ ತೀರ್ಮಾನವಾಗುತ್ತಿಲ್ಲ. ಅವುಗಳಲ್ಲಿ ಮೂರು ಪತ್ರಗಳನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಿದ್ದೇವೆ. ಬರೆದವರ ಹೆಸರನ್ನೂ ಅವರಿಗೆ ಕೆಲಸ ಕೊಡುತ್ತಿರುವ ಸಂಸ್ಥೆಗಳ ಹೆಸರನ್ನೂ ಬಿಟ್ಟಿದ್ದೇವೆ.

ಪ್ರಶ್ನೆ: ಮಾನ್ಯರೇ, ನನಗೆ 36 ವರ್ಷ. ವಿಟಿಯುನಲ್ಲಿ ಮೆಕ್ಯಾನಿಕಲ್ ಬಿ.ಇ. ಮುಗಿಸಿ, ಮೊದಲು ಉದ್ಯಮಬಾಗದ ಒಂದು ಮಶೀನ್ ಶಾಪಿನಲ್ಲಿ ದುಡಿದು, ಈಗ ವಿಮಾನದ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಫೈವ್ ಆಕ್ಸಿಸ್ ಸಿಎನ್‌ಸಿ ಪ್ರೋಗ್ರಾಮಿಂಗ್, ಎಂದರೆ ಲೋಹ ಕೊರೆಯುವ ಯಂತ್ರಗಳಿಗೆ ಕಂಪ್ಯೂಟರ್ ಆದೇಶ ಬರೆಯುವ ಕೆಲಸ, ನೋಡಿಕೊಳ್ಳುತ್ತಿದ್ದೇನೆ. ಹೆಂಡತಿ ಖಾಸಗಿ ಶಾಲೆಯಲ್ಲಿ ಶಿಕ್ಷಕಿ, ಮಗಳಿಗೆ ಏಳು ವರ್ಷ. ಅವ್ವನಿಗೆ 68 ವರ್ಷ, ಶುಗರ್ ಇದೆ; ಅಕ್ಕ ಗೋಕಾಕದಲ್ಲಿದ್ದಾಳೆ. ದುಬೈಯ ಒಂದು ಕಂಪನಿ ತಿಂಗಳಿಗೆ 14,000 ದಿರ್ಹಮ್ ಕೊಡುವುದಾಗಿ ಬರೆದಿದೆ, ಅದರಲ್ಲಿ ಬೇಸಿಕ್ 6,000. ಜರ್ಮನಿಯ ಹ್ಯಾಂಬರ್ಗ್‌ನ ಒಂದು ಕಂಪನಿ ವರ್ಷಕ್ಕೆ 52,000 ಯೂರೊ ಕೊಡುತ್ತದೆ. ಸಿಂಗಾಪುರದ ಕೆಲಸ ಏಜೆಂಟರ ಮೂಲಕ ಬಂದದ್ದು: ತಿಂಗಳಿಗೆ 6,500 ಸಿಂಗಾಪುರ ಡಾಲರ್ ಸಂಬಳ, ಎಂಪ್ಲಾಯ್‌ಮೆಂಟ್ ಪಾಸ್ ಗ್ಯಾರಂಟಿ ಎನ್ನುತ್ತಾರೆ, ಮುಂಗಡವಾಗಿ ಎರಡು ಲಕ್ಷ ರೂಪಾಯಿ ಕೇಳುತ್ತಿದ್ದಾರೆ. ಟ್ಯಾಕ್ಸ್ ಇಲ್ಲದ್ದರಿಂದ ದುಬೈಯೇ ಮೇಲು ಎಂದು ಗೆಳೆಯರೆಲ್ಲ ಹೇಳುತ್ತಾರೆ. ಯಾವ ಊರನ್ನು ಆರಿಸಲಿ?
— ಓದುಗರು, ಬೆಳಗಾವಿ

ಉತ್ತರ: ಸಿಂಗಾಪುರದ ಮಾತನ್ನು ಮೊದಲು ಮುಗಿಸಿಬಿಡೋಣ, ಏಕೆಂದರೆ ಅದರಲ್ಲಿ ಹೆಚ್ಚು ಯೋಚಿಸುವಂಥದ್ದೇನೂ ಇಲ್ಲ. 2025ರ ಜನವರಿಯಿಂದ ಎಂಪ್ಲಾಯ್‌ಮೆಂಟ್ ಪಾಸ್ ಎಂಬ ಕೆಲಸದ ಪರವಾನಗಿಗೆ ತಿಂಗಳಿಗೆ ಕನಿಷ್ಠ 5,600 ಸಿಂಗಾಪುರ ಡಾಲರ್ ಸಂಬಳ ಇರಬೇಕೆಂಬ ನಿಯಮವಿದೆ. ಆದರೆ ಅದು 23 ವರ್ಷದ ಹುಡುಗರಿಗೆ ಅನ್ವಯಿಸುವ ಮೊತ್ತ. ವಯಸ್ಸು ಏರಿದಂತೆ ಅದೂ ಏರುತ್ತ ಹೋಗಿ 45ನೆಯ ವಯಸ್ಸಿಗೆ 10,700 ಡಾಲರ್ ಮುಟ್ಟುತ್ತದೆ, ಮತ್ತು 36 ವರ್ಷದ ನಿಮಗೆ 8,500 ಡಾಲರನ್ನು ದಾಟುತ್ತದೆ. ಹೀಗಿರುವಾಗ 6,500 ಡಾಲರಿನ ಸಂಬಳಕ್ಕೆ ಆ ಪಾಸು ಸಿಗುವುದು ಹೇಗೆ? ಹೆಚ್ಚೆಂದರೆ ಎಸ್ ಪಾಸ್ ಎಂಬ, ಅದಕ್ಕಿಂತ ಕೆಳಗಿನ ದರ್ಜೆಯ ಪರವಾನಗಿ ಸಿಗಬಹುದು, ಆದರೆ ಒಂದು ಕಂಪನಿ ಎಷ್ಟು ಜನರಿಗೆ ಅದನ್ನು ಕೊಡಿಸಬಹುದೆಂಬುದಕ್ಕೆ ಮಿತಿಯಿದೆ. ಅರ್ಜಿ ಹಾಕುವವರು ಉದ್ಯೋಗದಾತರು, ತೀರ್ಮಾನಿಸುವುದು ಅಲ್ಲಿನ ಮಾನವಸಂಪನ್ಮೂಲ ಸಚಿವಾಲಯ. ನಡುವಿನ ಏಜೆಂಟರು ಗ್ಯಾರಂಟಿ ಕೊಡಲು ಯಾವ ದಾರಿಯೂ ಇಲ್ಲ. ಆ ಸಚಿವಾಲಯದ ಜಾಲತಾಣದಲ್ಲಿ ಪಾಸಿಗೆ ಅರ್ಹತೆ ಇದೆಯೇ ಎಂದು ಉಚಿತವಾಗಿ ನೋಡಿಕೊಳ್ಳುವ ಸೌಲಭ್ಯವಿದೆ. ನಿಮ್ಮ ವಯಸ್ಸು, ಪದವಿ, ಸಂಬಳವನ್ನು ಅದರಲ್ಲಿ ನೀವೇ ತುಂಬಿ ನೋಡಿ. ಎರಡು ಲಕ್ಷವನ್ನು ಮಾತ್ರ ಕೊಡಬೇಡಿ.

ಇನ್ನುಳಿದದ್ದು ದುಬೈ ಮತ್ತು ಹ್ಯಾಂಬರ್ಗ್. ನಿಮ್ಮ ಗೆಳೆಯರು ಸಂಬಳದಿಂದ ಲೆಕ್ಕ ಶುರುಮಾಡಿದ್ದಾರೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ, ಮತ್ತು ವಿದೇಶಕ್ಕೆ ಹೊರಟವರಲ್ಲಿ ಬಹಳ ಮಂದಿ ಅದನ್ನು ಕೇಳಿಕೊಳ್ಳುವುದೇ ಇಲ್ಲ ಎಂಬುದು ನಮ್ಮ ನಿಜವಾದ ಕಳವಳ. ಈ ಕೆಲಸ ಹೋದರೆ ಆ ಊರಿನಲ್ಲಿ ನಿಮಗೆ ಎಷ್ಟು ದಿನ ಇರಲು ಅವಕಾಶವಿದೆ, ಅಷ್ಟರೊಳಗೆ ನಿಮ್ಮ ಕಸುಬಿಗೇ ಸೇರಿದ ಇನ್ನೊಂದು ಕೆಲಸ ಅದೇ ಊರಿನಲ್ಲಿ ಸಿಗುವ ಸಾಧ್ಯತೆ ಎಷ್ಟು? ಸಂಬಳವನ್ನು ಮುಂದೆ ಹೆಚ್ಚಿಸಿಕೊಳ್ಳಬಹುದು. ಊರಿನಲ್ಲಿ ಒಂದೇ ಒಂದು ಕಂಪನಿಯನ್ನು ನಂಬಿ ಮಗಳನ್ನು ಶಾಲೆಗೆ ಸೇರಿಸಿದ ಮೇಲೆ ಆ ಕಂಪನಿ ಕೈಬಿಟ್ಟರೆ ಸರಿಪಡಿಸಿಕೊಳ್ಳುವುದು ಬಹಳ ಕಷ್ಟ.

ದುಬೈಯಲ್ಲಿ ನಿಮ್ಮ ವಾಸದ ಪರವಾನಗಿ ನೌಕರಿಗೆ ಅಂಟಿಕೊಂಡೇ ಇರುತ್ತದೆ. ನೌಕರಿ ಮುಗಿದರೆ ವೀಸಾದ ವರ್ಗಕ್ಕೆ ತಕ್ಕಂತೆ ಹೆಚ್ಚೆಂದರೆ 180 ದಿನಗಳ ಗಡುವು ಸಿಗಬಹುದು, ಅನೇಕರಿಗೆ ಅದಕ್ಕಿಂತ ಬಹಳ ಕಡಿಮೆ. 2023ರ ಜನವರಿಯಿಂದ ಅಲ್ಲಿ ನೌಕರಿ ಕಳೆದುಕೊಂಡವರಿಗೆ ವಿಮೆಯ ವ್ಯವಸ್ಥೆ ಬಂದಿದೆ. ಅದು ಕೆಲವು ತಿಂಗಳ ಮಟ್ಟಿಗಿನ ನೆರವು. ಜರ್ಮನಿಯಲ್ಲಿ ನಿಮ್ಮ ಪದವಿಗೂ ಸಂಬಳಕ್ಕೂ ಬ್ಲೂ ಕಾರ್ಡ್, ಎಂದರೆ ಪದವಿ ಪಡೆದ ವಿದೇಶಿ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ, ಸಿಗುವ ಸಾಧ್ಯತೆ ಚೆನ್ನಾಗಿದೆ. 2025ರಲ್ಲಿ ಅದಕ್ಕೆ ಬೇಕಾದ ಕನಿಷ್ಠ ವಾರ್ಷಿಕ ಸಂಬಳ 48,300 ಯೂರೊ, ಎಂಜಿನಿಯರುಗಳಂತಹ ಕೊರತೆಯ ವೃತ್ತಿಗಳಿಗೆ ಸುಮಾರು 43,760 ಯೂರೊ ಇತ್ತು. ಈ ಮೊತ್ತ ವರ್ಷದಿಂದ ವರ್ಷಕ್ಕೆ ಪರಿಷ್ಕೃತವಾಗುವುದರಿಂದ ನೀವು ಅರ್ಜಿ ಹಾಕುವ ವರ್ಷದ್ದನ್ನು ನೋಡಿಕೊಳ್ಳಬೇಕು. ಬ್ಲೂ ಕಾರ್ಡಿನ ಮೇಲೆ 27 ತಿಂಗಳು ದುಡಿದರೆ, ಜರ್ಮನ್ ಭಾಷೆಯಲ್ಲಿ ಬಿ1 ಎಂಬ ಮಧ್ಯಮ ಮಟ್ಟ ಮುಟ್ಟಿದ್ದರೆ 21 ತಿಂಗಳಿಗೇ, ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಅದು ಕೈಗೆ ಬಂದ ಮೇಲೆ ಯಾವ ಕಂಪನಿ ನಿಮ್ಮನ್ನು ಬಿಟ್ಟರೂ ಊರು ಬಿಡಬೇಕಾಗಿಲ್ಲ. ಅದಕ್ಕೂ ಮುಂಚೆ ಕೆಲಸ ಹೋದರೆ ಬೇರೆ ಕೆಲಸ ಹುಡುಕಲು ಸಾಮಾನ್ಯವಾಗಿ ಕನಿಷ್ಠ ಮೂರು ತಿಂಗಳು ಸಿಗುತ್ತದೆ, ಮತ್ತು ಹಿಂದಿನ 30 ತಿಂಗಳಲ್ಲಿ 12 ತಿಂಗಳು ವಂತಿಗೆ ಕಟ್ಟಿದವರಿಗೆ ನಿವ್ವಳ ಸಂಬಳದ ಶೇ. 60ರಷ್ಟು, ಮಕ್ಕಳಿದ್ದರೆ ಶೇ. 67ರಷ್ಟು ನಿರುದ್ಯೋಗ ಭತ್ಯೆ ದೊರೆಯುತ್ತದೆ. ಆದರೆ ಮೊದಲ ಆರು ತಿಂಗಳ ಪ್ರೊಬೇಷನ್ ಅವಧಿಯಲ್ಲಿ ಎರಡು ವಾರಗಳ ನೋಟಿಸು ಕೊಟ್ಟು ಕೆಲಸದಿಂದ ತೆಗೆಯಬಹುದು ಎಂಬುದನ್ನು ಮರೆಯಬಾರದು. ಈ ಆರು ತಿಂಗಳ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

ಎರಡನೆಯದು ಕಸುಬಿನ ಮಾತು, ಮತ್ತು ನಮ್ಮ ಅಭಿಪ್ರಾಯದಲ್ಲಿ ನಿಮ್ಮ ವಿಷಯದಲ್ಲಿ ನಿರ್ಣಾಯಕವಾದದ್ದು ಇದೇ. ಹ್ಯಾಂಬರ್ಗ್‌ನ ಫಿಂಕನ್‌ವೆರ್ಡರ್‌ನಲ್ಲಿ ಏರ್‌ಬಸ್‌ನ ಎ320 ಸರಣಿಯ ವಿಮಾನಗಳ ಅಂತಿಮ ಜೋಡಣೆ ನಡೆಯುತ್ತದೆ, ಲುಫ್ತಾನ್ಸಾ ಟೆಕ್ನಿಕ್‌ನ ಮುಖ್ಯ ನೆಲೆ ಅದೇ ಊರಿನ ವಿಮಾನ ನಿಲ್ದಾಣದಲ್ಲಿದೆ, ಇವೆರಡಕ್ಕೂ ಭಾಗಗಳನ್ನು ಒದಗಿಸುವ ಸಣ್ಣ ಮಧ್ಯಮ ಕಂಪನಿಗಳು ಸುತ್ತಮುತ್ತ ಇವೆ. ಟೈಟಾನಿಯಂ ಬಿಲ್ಲೆಟ್ಟಿನಿಂದ ಬ್ರಾಕೆಟ್ ತೆಗೆಯುವಾಗ ಫಿಕ್ಸ್ಚರ್ ಎಲ್ಲಿ ಹಿಡಿಯಬೇಕು, ಯಾವ ಪಾಸಿನಲ್ಲಿ ಟೂಲ್ ಬದಲಿಸಬೇಕು, ಮೊದಲ ಪೀಸಿನ ತಪಾಸಣಾ ವರದಿಯನ್ನು ಹೇಗೆ ಬರೆಯಬೇಕು ಎಂಬ ನಿಮ್ಮ ತಿಳಿವಳಿಕೆಗೆ ಅಲ್ಲಿ ಬೆಲೆಯಿದೆ, ಅದೂ ಒಂದಕ್ಕಿಂತ ಹೆಚ್ಚು ಕಡೆ. ದುಬೈಯಲ್ಲಿ ವಿಮಾನಗಳ ನಿರ್ವಹಣೆಯ ಕೆಲಸ ದೊಡ್ಡದು, ಭಾಗಗಳ ಮಶಿನಿಂಗ್ ಹಾಗಲ್ಲ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ವಿಮಾನದ ಭಾಗ ತಯಾರಿಸುವ ಹೆಸರುವಾಸಿ ಕಾರ್ಖಾನೆಯಾದ ಸ್ಟ್ರಾಟಾ ಇರುವುದು ಅಬುಧಾಬಿ ಎಮಿರೇಟಿಗೆ ಸೇರಿದ ಅಲ್ ಐನ್‌ನಲ್ಲಿ, ಅಲ್ಲಿಯೂ ಮುಖ್ಯವಾಗಿ ಕಾಂಪೊಸಿಟ್ ಕೆಲಸ, ಲೋಹದ್ದಲ್ಲ. ದುಬೈ ಕಂಪನಿ ನಿಮ್ಮನ್ನು ಯಾವ ಕೆಲಸಕ್ಕೆ ಕರೆಯುತ್ತಿದೆ ಎಂದು ನೀವು ಬರೆದಿಲ್ಲ. ತೈಲಬಾವಿಯ ವಾಲ್ವ್, ಫ್ಲ್ಯಾಂಜ್‌ಗಳ ಮಶಿನಿಂಗ್ ಆಗಿದ್ದರೆ, ನಾಲ್ಕು ವರ್ಷಗಳ ನಂತರ ಬೆಳಗಾವಿಗೆ ಮರಳಿ ಬಂದು ಮತ್ತೆ ಏರೋಸ್ಪೇಸ್ ಕಂಪನಿಯ ಬಾಗಿಲು ತಟ್ಟುವಾಗ ಆ ನಾಲ್ಕು ವರ್ಷಗಳ ಅನುಭವ ಅರ್ಧ ಬೆಲೆಗೆ ಹೋದೀತು.

ಈಗ ಹಣ. ದಿರ್ಹಮನ್ನೂ ಯೂರೊವನ್ನೂ ರೂಪಾಯಿಗೆ ಗುಣಿಸಿ ಹೋಲಿಸುವುದನ್ನು ದಯವಿಟ್ಟು ಬಿಟ್ಟುಬಿಡಿ. ಖರ್ಚು ಆಗುವುದು ಅಲ್ಲಿಯೇ. ಹ್ಯಾಂಬರ್ಗ್‌ನ 52,000 ಯೂರೊದಲ್ಲಿ ತೆರಿಗೆ, ಆರೋಗ್ಯ ವಿಮೆ, ಪಿಂಚಣಿ, ನಿರುದ್ಯೋಗ ವಿಮೆ ಎಲ್ಲ ಕಳೆದು, ನೀವು ಒಬ್ಬರೇ ಅಲ್ಲಿದ್ದರೆ ತಿಂಗಳಿಗೆ ಸುಮಾರು 2,800 ಯೂರೊ ಕೈಗೆ ಬರುತ್ತದೆ. ಹೆಂಡತಿ ಬಂದು ಜೊತೆಗೆ ನೆಲೆಸಿದ ಮೇಲೆ ತೆರಿಗೆಯ ವರ್ಗ ಬದಲಾಗಿ ಅದು ಸುಮಾರು 3,100 ಆಗುತ್ತದೆ, ಮಗಳ ಹೆಸರಿನಲ್ಲಿ ತಿಂಗಳಿಗೆ 250 ಯೂರೊ ಮೀರಿದ ಮಕ್ಕಳ ಭತ್ಯೆಯೂ ಸೇರುತ್ತದೆ. ಸರಕಾರಿ ಶಾಲೆಗೆ ಶುಲ್ಕವಿಲ್ಲ, ದುಡಿಯದ ಹೆಂಡತಿಗೂ ಮಗಳಿಗೂ ನಿಮ್ಮ ಸಾರ್ವಜನಿಕ ಆರೋಗ್ಯ ವಿಮೆಯಲ್ಲೇ ಪ್ರತ್ಯೇಕ ಕಂತಿಲ್ಲದೆ ರಕ್ಷಣೆಯಿದೆ. ಬಾಡಿಗೆಗೆ 1,400, ಊಟ, ಓಡಾಟ, ಬಟ್ಟೆಬರೆಗೆ 1,100 ಎಂದು ಹಿಡಿದರೂ 800-900 ಯೂರೊ ಉಳಿಯುತ್ತದೆ. ದುಬೈಯ 14,000 ದಿರ್ಹಮಿನಲ್ಲಿ ಒಂದು ಮಲಗುವ ಕೋಣೆಯ ಮನೆಗೆ ತಿಂಗಳ ಲೆಕ್ಕದಲ್ಲಿ 6,000, ಮಗಳ ಶಾಲೆಗೆ 1,500, ಮನೆಯವರ ಆರೋಗ್ಯ ವಿಮೆ, ವಿದ್ಯುತ್, ನೀರು, ಸಂತೆ, ಓಡಾಟಕ್ಕೆ 3,500 ಎಂದು ಹಿಡಿದರೆ ಮಿಗುವುದು 3,000 ದಿರ್ಹಮ್. ಕುಟುಂಬ ಸಮೇತ ಹೋದರೆ ಎರಡೂ ಊರುಗಳಲ್ಲಿ ಉಳಿತಾಯ ಹೆಚ್ಚುಕಡಿಮೆ ಸಮವಾಗಿಯೇ ನಿಲ್ಲುತ್ತದೆ. ತೆರಿಗೆ ಇಲ್ಲದ ಊರಿನಲ್ಲಿ ಶಾಲೆ, ಆಸ್ಪತ್ರೆಗಳ ಖರ್ಚನ್ನು ನಾವೇ ಹೊರಬೇಕಾಗುತ್ತದೆ ಎಂಬುದನ್ನು ನಿಮ್ಮ ಗೆಳೆಯರು ಲೆಕ್ಕಕ್ಕೆ ಹಿಡಿದಿಲ್ಲ. ನೀವು ಒಬ್ಬರೇ ಹೋಗಿ, ಕೋಣೆ ಹಂಚಿಕೊಂಡು ಎರಡು ಮೂರು ವರ್ಷ ದುಡಿದು, ಮನೆಸಾಲ ತೀರಿಸಿ ಮರಳುವ ವಿಚಾರವಿದ್ದರೆ ಮಾತ್ರ ದುಬೈ ನಿಸ್ಸಂಶಯವಾಗಿ ಮುಂದಿದೆ.

ದುಬೈಯ ಪತ್ರದಲ್ಲಿ ಇನ್ನೊಂದು ಅಂಕಿಯ ಮೇಲೆ ನಿಮ್ಮ ಗಮನ ಇರಲಿ. ಕೆಲಸ ಬಿಡುವಾಗ ಅಲ್ಲಿ ಸಿಗುವ ಗ್ರಾಚ್ಯುಟಿಯನ್ನು, ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಸಂಬಳದಂತೆ, ಬೇಸಿಕ್ ಮೇಲಷ್ಟೇ ಲೆಕ್ಕ ಹಾಕುತ್ತಾರೆ. ಬೇಸಿಕ್ 6,000 ಇದ್ದರೆ ವರ್ಷಕ್ಕೆ 4,200 ದಿರ್ಹಮ್. ಒಟ್ಟು ಸಂಬಳ ಅಷ್ಟೇ ಇದ್ದು ಬೇಸಿಕ್ 9,000 ಆದರೆ 6,300. ಅಲ್ಲಿಗೇ ಹೋಗುವುದೆಂದು ನಿರ್ಧರಿಸಿದರೂ ಸಹಿಗೆ ಮುಂಚೆ ಬೇಸಿಕ್ ಏರಿಸಲು ಕೇಳಿ. ಹೊರದೇಶದವರಿಗೆ ಅಲ್ಲಿ ಸರಕಾರಿ ಪಿಂಚಣಿ ಇಲ್ಲ. ಜರ್ಮನಿಯಲ್ಲಿ ಕಟ್ಟಿದ ಪಿಂಚಣಿ ವಂತಿಗೆಯ ವಿಷಯದಲ್ಲಿ ಭಾರತದೊಂದಿಗೆ ಒಪ್ಪಂದವಿದ್ದು, ಅದು 2017ರ ಮೇ ತಿಂಗಳಿನಿಂದ ಜಾರಿಯಲ್ಲಿದೆ.

ನಿಮ್ಮ ಶ್ರೀಮತಿಯವರ ವಿಷಯದಲ್ಲಿ ಮಾತ್ರ ದುಬೈಯ ತಕ್ಕಡಿ ಭಾರವಾಗಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಬ್ಲೂ ಕಾರ್ಡ್ ಇರುವವರ ಪತ್ನಿಗೆ ಜರ್ಮನಿಯಲ್ಲಿ ಮೊದಲ ದಿನದಿಂದಲೇ ಯಾವ ಕೆಲಸವನ್ನಾದರೂ ಮಾಡುವ ಹಕ್ಕಿದೆ, ವೀಸಾಕ್ಕೆ ಜರ್ಮನ್ ಬರಲೇಬೇಕೆಂಬ ಷರತ್ತೂ ಇಲ್ಲ. ಆದರೆ ಶಾಲೆಯಲ್ಲಿ ಪಾಠ ಹೇಳುವುದು ಅಲ್ಲಿ ಕಟ್ಟುನಿಟ್ಟಾದ ನಿಯಮಗಳಿರುವ ವೃತ್ತಿ. ಪದವಿಗೆ ಮಾನ್ಯತೆ ಸಿಗಬೇಕು, ಭಾಷೆ ಬಹಳ ಎತ್ತರದ ಮಟ್ಟಕ್ಕೆ ಬರಬೇಕು. ಮೊದಲ ಕೆಲವು ವರ್ಷ ಅವರು ಶಿಕ್ಷಕಿಯಾಗಿ ಕೆಲಸ ಮಾಡಲಾರರು. ದುಬೈಯಲ್ಲಿ ಸಿಬಿಎಸ್‌ಇ ಶಾಲೆಗಳು ಹಲವಾರು ಇವೆ, ಬಿ.ಎಡ್. ಆದವರಿಗೆ ಅಲ್ಲಿ ಅವಕಾಶವಿದೆ. ಕನ್ನಡ ಮಿತ್ರರು ಎಂಬ ಸಂಘಟನೆಯವರು ನಡೆಸುವ ಕನ್ನಡ ಪಾಠಶಾಲೆಯೂ ಆ ಊರಿನಲ್ಲಿದೆ. ತರಗತಿಯನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಿದೆಯೇ ಎಂಬುದನ್ನು ಅವರ ಬಾಯಿಂದಲೇ ಕೇಳಿ, ನೀವೇ ಊಹಿಸಿಕೊಂಡು ಮುಂದುವರಿಯಬೇಡಿ.

ಮಗಳ ವಯಸ್ಸು ಹ್ಯಾಂಬರ್ಗ್‌ಗೆ ಅನುಕೂಲವಾಗಿದೆ. ಅಲ್ಲಿ ಪ್ರಾಥಮಿಕ ಶಾಲೆ ನಾಲ್ಕನೇ ತರಗತಿಗೆ ಮುಗಿದು, ನಂತರ ಮಕ್ಕಳು ಎರಡು ಬೇರೆ ಬಗೆಯ ಶಾಲೆಗಳಿಗೆ ಹಂಚಿಹೋಗುತ್ತಾರೆ. ಏಳೆಂಟರ ವಯಸ್ಸಿನಲ್ಲಿ ಹೋದ ಮಗು ಆ ಹೊತ್ತಿಗೆ ಭಾಷೆ ಕಲಿತಿರುತ್ತದೆ, ಹೊಸದಾಗಿ ಬಂದ ಮಕ್ಕಳಿಗೆಂದೇ ಭಾಷಾ ತಯಾರಿಯ ತರಗತಿಗಳೂ ಇವೆ. ಇದೇ ನಿರ್ಧಾರವನ್ನು ನೀವು ಐದು ವರ್ಷ ಮುಂದೂಡಿದರೆ ಅವಳಿಗೆ ಬಹಳ ಕಷ್ಟವಾಗುತ್ತದೆ. ಹಾಗೆಯೇ, ಹೋದ ಮೇಲೆ ಐದಾರು ವರ್ಷಕ್ಕೆ ಮರಳಿ ಬಂದು ಅವಳನ್ನು ನೇರವಾಗಿ ಎಂಟನೇ ತರಗತಿಗೆ ಇಲ್ಲಿ ಸೇರಿಸುವುದೂ ಸುಲಭವಲ್ಲ. ಎಂದರೆ ಹ್ಯಾಂಬರ್ಗ್ ಆರಿಸುವುದಾದರೆ ಎರಡು ವರ್ಷ ನೋಡೋಣ ಎಂಬ ಮನಸ್ಸಿನಿಂದ ಹೋಗುವುದು ಮಗುವಿಗೆ ನ್ಯಾಯವಲ್ಲ. ಅವಳ ಶಾಲೆ ಮುಗಿಯುವವರೆಗಿನ ಲೆಕ್ಕ ಹಾಕಿಕೊಂಡು ಹೋಗಬೇಕು.

ಅವ್ವನ ವಿಷಯ ಎಲ್ಲಕ್ಕಿಂತ ಕಠಿಣ. 2024ರ ಮಾರ್ಚ್ ಒಂದರ ನಂತರ ಪರವಾನಗಿ ಪಡೆದ ಕುಶಲ ಉದ್ಯೋಗಿಗಳು ತಂದೆತಾಯಿಯರನ್ನು ಜರ್ಮನಿಗೆ ಕರೆಸಿಕೊಳ್ಳಲು ಅಲ್ಲಿನ ಕಾನೂನು ಅವಕಾಶ ಕೊಟ್ಟಿದೆ. ಆದರೆ ಅವರಿಗೆ ಪೂರ್ಣ ಆರೋಗ್ಯ ವಿಮೆಯನ್ನು ನೀವೇ ಮಾಡಿಸಿರಬೇಕು, ಮತ್ತು 68ರ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಇರುವವರಿಗೆ ಅಂಥ ವಿಮೆ ಸಿಗುವುದೇ ದೊಡ್ಡ ತೊಡಕು. ಅದನ್ನು ನಂಬಿಕೊಂಡು ಯೋಜನೆ ಮಾಡಬೇಡಿ. 90 ದಿನಗಳ ಪ್ರವಾಸಿ ವೀಸಾದ ಮೇಲೆ ಬೇಸಿಗೆಯಲ್ಲಿ ಅವರನ್ನು ಕರೆಸಿಕೊಳ್ಳಬಹುದು. ಊರಿನಲ್ಲಿ ಏನಾದರೂ ಆದರೆ ದುಬೈಯಿಂದ ಗೋವಾ ಅಥವಾ ಮುಂಬೈ ಮೂಲಕ ಅದೇ ದಿನ ಬೆಳಗಾವಿ ಮುಟ್ಟಬಹುದು. ಹ್ಯಾಂಬರ್ಗ್‌ನಿಂದ ಕನಿಷ್ಠ ಒಂದು ಕಡೆ ವಿಮಾನ ಬದಲಿಸಿ ಬರುವಷ್ಟರಲ್ಲಿ ಒಂದು ದಿನ ದಾಟುತ್ತದೆ. ಗೋಕಾಕದ ಅಕ್ಕ ಅವ್ವನನ್ನು ತಮ್ಮ ಬಳಿ ಇರಿಸಿಕೊಳ್ಳಲು ಸಿದ್ಧರಿದ್ದಾರೆಯೇ, ಅಥವಾ ಅವ್ವ ಬೆಳಗಾವಿಯ ಮನೆ ಬಿಟ್ಟು ಅಲ್ಲಿಗೆ ಹೋಗಲು ಒಪ್ಪುತ್ತಾರೆಯೇ? ಇದಕ್ಕೆ ಇಲ್ಲ ಎಂಬ ಉತ್ತರ ಬಂದರೆ ನಾವು ಮೇಲೆ ಹೇಳಿದ ಎಲ್ಲ ಲೆಕ್ಕಗಳನ್ನೂ ಬದಿಗಿಟ್ಟು ದುಬೈಯನ್ನೇ ಆರಿಸಿ, ಬೇಸಿಕ್ ಏರಿಸಿಕೊಂಡು ಹೋಗಿ. ಹೌದು ಎಂದಾದರೆ ನಮ್ಮ ಸಲಹೆ ಹ್ಯಾಂಬರ್ಗ್.

ಅಲ್ಲಿಗೆ ಹೋಗುವ ರೀತಿಯನ್ನೂ ಹೇಳಿಬಿಡುತ್ತೇವೆ. ನಿಮ್ಮ ವಿಶ್ವವಿದ್ಯಾಲಯ ಮತ್ತು ಪದವಿ ಎರಡೂ ವಿದೇಶಿ ಪದವಿಗಳ ಮಾನ್ಯತೆಯನ್ನು ತಿಳಿಸುವ ಜರ್ಮನಿಯ ಅನಾಬಿನ್ ಪಟ್ಟಿಯಲ್ಲಿ ಹೇಗೆ ನಮೂದಾಗಿವೆ ಎಂಬುದನ್ನು ಈಗಲೇ ತೆಗೆದು ನೋಡಿ ಮುದ್ರಿಸಿಟ್ಟುಕೊಳ್ಳಿ. ಭಾಷೆಗೆ ಗೊಯೆಥೆ ಸಂಸ್ಥೆಯ ಕೇಂದ್ರ ಬೆಂಗಳೂರಿನಲ್ಲೂ ಇದೆ, ಪುಣೆಯಲ್ಲೂ ಇದೆ. ಬೆಳಗಾವಿಯವರಿಗೆ ಪುಣೆಯೇ ಹತ್ತಿರ. ಕಚೇರಿಯಲ್ಲಿ ಇಂಗ್ಲಿಷ್ ನಡೆದರೂ ಮಶೀನಿನ ಮುಂದೆ ನಿಂತ ಆಪರೇಟರ್ ಮಾತನಾಡುವುದು ಜರ್ಮನ್, ಆದ್ದರಿಂದ ಎ2 ಎಂಬ ಆರಂಭಿಕ ಮಟ್ಟವನ್ನಾದರೂ ಇಲ್ಲಿಯೇ ಮುಗಿಸಿ ಹೊರಡಿ. ಸಾಧ್ಯವಾದರೆ ಫೆಬ್ರವರಿ ಹೊತ್ತಿಗೆ ಒಬ್ಬರೇ ಹೋಗಿ ಕೆಲಸಕ್ಕೆ ಸೇರಿ. ಪ್ರೊಬೇಷನ್ನಿನ ಆರು ತಿಂಗಳು ಆಗಸ್ಟಿಗೆ ಮುಗಿಯುತ್ತದೆ, ಬೇಸಿಗೆ ರಜೆಯ ನಂತರ ಅಲ್ಲಿನ ಶಾಲೆಗಳು ತೆರೆಯುವುದೂ ಸರಿಸುಮಾರು ಆಗಲೇ. ಮೊದಲ ಮೂರು ತಿಂಗಳಿಗೆ ಕಂಪನಿಯೇ ಮನೆ ಕೊಡಬೇಕೆಂದು, ಅದೂ ಪಾಲಿಕೆಯಲ್ಲಿ ವಿಳಾಸ ನೋಂದಾಯಿಸಲು ಮಾಲೀಕರು ಪತ್ರ ಕೊಡುವಂಥ ಮನೆಯಾಗಿರಬೇಕೆಂದು ಬರವಣಿಗೆಯಲ್ಲಿ ಕೇಳಿ. ಆ ನೋಂದಣಿ ಇಲ್ಲದಿದ್ದರೆ ತೆರಿಗೆ ಸಂಖ್ಯೆ ಸಿಗುವುದು ತಡವಾಗುತ್ತದೆ, ತೆರಿಗೆ ಸಂಖ್ಯೆ ಇಲ್ಲದಿದ್ದರೆ ಸಂಬಳದಲ್ಲಿ ಅತಿ ಹೆಚ್ಚಿನ ದರದ ಕಡಿತ ಆಗುತ್ತದೆ. ಸ್ವಂತ ಬಾಡಿಗೆ ಮನೆಗೆ ಮೂರು ತಿಂಗಳ ಬಾಡಿಗೆಯವರೆಗೆ ಠೇವಣಿ ಕೇಳುತ್ತಾರೆ. ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಕಟ್ಟೆ, ಸಿಂಕ್, ಒಲೆ ಏನೂ ಇರುವುದಿಲ್ಲ, ಅವನ್ನು ಬಾಡಿಗೆದಾರರೇ ಕೊಂಡು ಕೂರಿಸಿಕೊಳ್ಳಬೇಕು. ಈ ಎರಡಕ್ಕೂ ಬೇಕಾದ ಹಣವನ್ನು ಬೇರೆಯಾಗಿಯೇ ತೆಗೆದಿಡಿ.

ಪ್ರಶ್ನೆ: ನಮಸ್ಕಾರ. ನಾನು ಬಾಗಲಕೋಟೆಯಲ್ಲಿ ಐಸಿಯು ಸ್ಟಾಫ್ ನರ್ಸ್, ಬಿ.ಎಸ್ಸಿ. ನರ್ಸಿಂಗ್, 28 ವರ್ಷ. ಐರ್ಲೆಂಡಿನ ನೋಂದಣಿಗೆ ಅರ್ಜಿ ಹಾಕಿದ್ದೇನೆ. ಡಬ್ಲಿನ್‌ನ ಒಂದು ಸರಕಾರಿ ಆಸ್ಪತ್ರೆ, ಕಾರ್ಕ್‌ನ ಒಂದು ಸರಕಾರಿ ಆಸ್ಪತ್ರೆ ಎರಡರ ಸಂದರ್ಶನವೂ ಆಗಿದೆ. ರಾಜಧಾನಿಯಲ್ಲಿ ಸಂಬಳ ಹೆಚ್ಚು, ಅಲ್ಲಿಗೇ ಹೋಗು ಎಂದು ಗೆಳತಿಯರು ಹೇಳುತ್ತಾರೆ. ಪತಿ ಸಹಕಾರಿ ಸಂಘವೊಂದರಲ್ಲಿ ಲೆಕ್ಕಪತ್ರ ನೋಡುತ್ತಾರೆ, ಅವರೂ ಬರುವವರಿದ್ದಾರೆ.
— ಓದುಗರು, ಬಾಗಲಕೋಟೆ

ಉತ್ತರ: ತಂಗಿ, ನಿಮ್ಮ ಗೆಳತಿಯರ ಮಾತಿನಲ್ಲಿ ಒಂದು ಮುಖ್ಯ ಸಂಗತಿ ತಪ್ಪಿದೆ. ಐರ್ಲೆಂಡಿನ ಸರಕಾರಿ ಆರೋಗ್ಯ ಸೇವೆಯಲ್ಲಿ ನರ್ಸುಗಳ ವೇತನ ಶ್ರೇಣಿ ಇಡೀ ದೇಶಕ್ಕೆ ಒಂದೇ. ಡಬ್ಲಿನ್‌ನಲ್ಲಿ ದುಡಿಯುವ ಸ್ಟಾಫ್ ನರ್ಸ್ ಪಡೆಯುವ ಮೂಲ ವೇತನವನ್ನೇ ಅಷ್ಟೇ ಅನುಭವವಿರುವ ಕಾರ್ಕ್‌ನ ನರ್ಸೂ ಪಡೆಯುತ್ತಾರೆ. ಬಾಡಿಗೆ ಮಾತ್ರ ಒಂದೇ ಅಲ್ಲ. ದೇಶದಲ್ಲೇ ಅತಿ ದುಬಾರಿ ಬಾಡಿಗೆ ಇರುವುದು ಡಬ್ಲಿನ್‌ನಲ್ಲಿ. ಬ್ರಿಟನ್ನಿನಲ್ಲಿ ಲಂಡನ್ನಿನ ನರ್ಸುಗಳಿಗೆ ದುಬಾರಿ ಊರಿನ ಭತ್ಯೆ ಎಂದು ಸಂಬಳದ ಮೇಲೆ ಹೆಚ್ಚುವರಿ ಕೊಡುತ್ತಾರೆ, ಐರ್ಲೆಂಡಿನಲ್ಲಿ ಡಬ್ಲಿನ್‌ಗೆ ಅಂಥ ಭತ್ಯೆಯಿಲ್ಲ. ಖಾಸಗಿ ಆಸ್ಪತ್ರೆಗಳ ಲೆಕ್ಕ ಬೇರೆ, ಆದರೆ ನಿಮಗೆ ಬಂದಿರುವ ಎರಡೂ ಸರಕಾರಿ. ಹಣದ ದೃಷ್ಟಿಯಿಂದ ಕಾರ್ಕ್ ಮೇಲು ಎಂಬುದರಲ್ಲಿ ನಮಗೆ ಅನುಮಾನವಿಲ್ಲ.

ಪತಿಯ ಕೆಲಸವನ್ನು ಸೇರಿಸಿ ನೋಡಿದಾಗ ಡಬ್ಲಿನ್ ಪರವಾಗಿ ಸ್ವಲ್ಪ ಹೇಳಲಿಕ್ಕಿದೆ. ನರ್ಸ್ ವೃತ್ತಿ ಅಲ್ಲಿನ ಕ್ರಿಟಿಕಲ್ ಸ್ಕಿಲ್ಸ್ ಎಂಬ, ಕೊರತೆಯ ವೃತ್ತಿಗಳಿಗೆ ಕೊಡುವ ಕೆಲಸದ ಪರವಾನಗಿಯ ಪಟ್ಟಿಯಲ್ಲಿದೆ. ಆ ಪರವಾನಗಿ ಇರುವವರ ಪತಿ ಕಾಯದೆ ಬಂದು ಸೇರಬಹುದು, ಸ್ಟಾಂಪ್ 1ಜಿ ಎಂಬ ವಾಸದ ಅನುಮತಿಯ ಮೇಲೆ ಬೇರೆ ಪರವಾನಗಿ ಇಲ್ಲದೆ ದುಡಿಯಬಹುದು, ಮತ್ತು ಎರಡು ವರ್ಷಗಳ ನಂತರ ನೀವು ಸ್ಟಾಂಪ್ 4 ಪಡೆದರೆ ಒಂದೇ ಆಸ್ಪತ್ರೆಗೆ ಕಟ್ಟುಬೀಳಬೇಕಾಗಿಲ್ಲ. ಲೆಕ್ಕಪತ್ರದ ಹುದ್ದೆಗಳು ಡಬ್ಲಿನ್‌ನಲ್ಲಿ ಹೆಚ್ಚು. ಆದರೆ ಕಾರ್ಕ್ ಆ ದೇಶದ ಎರಡನೆಯ ದೊಡ್ಡ ಊರು, ಔಷಧಿ ಕಂಪನಿಗಳು ಸುತ್ತಲೂ ಇವೆ, ಆ್ಯಪಲ್‌ನ ದೊಡ್ಡ ನೆಲೆಯೂ ಅಲ್ಲಿದೆ. ಅಲ್ಲಿನ ಲೆಕ್ಕಪತ್ರದ ತಂತ್ರಾಂಶವನ್ನು ಕಲಿತುಕೊಂಡು ಹೋದರೆ ಅವರಿಗೆ ಸಣ್ಣ ಹುದ್ದೆಯಿಂದಲಾದರೂ ಶುರುಮಾಡಲು ಸಾಧ್ಯವಾದೀತು. ಡಬ್ಲಿನ್‌ನ ಬಾಡಿಗೆಯನ್ನು ಇಬ್ಬರೂ ದುಡಿಯುವವರೆಗೆ ನಿಮ್ಮ ಒಂದೇ ಸಂಬಳ ಹೊರಬೇಕು, ಆ ತಿಂಗಳುಗಳು ಮನೆಯೊಳಗೆ ಬಹಳ ಬಿಗುವಿನಿಂದ ಕೂಡಿರುತ್ತವೆ.

ಊರಿಗಿಂತ ಆಸ್ಪತ್ರೆಯನ್ನು ಹೆಚ್ಚು ನೋಡಿ ಎಂದು ನಿಮಗೆ ಒತ್ತಿ ಹೇಳಬೇಕೆನಿಸುತ್ತದೆ. ಐರ್ಲೆಂಡಿನ ನರ್ಸುಗಳ ಸಂಘವಾದ ಐಎನ್‌ಎಂಒ, ಯಾವ ಆಸ್ಪತ್ರೆಯಲ್ಲಿ ಎಷ್ಟು ರೋಗಿಗಳು ಹಾಸಿಗೆ ಸಿಗದೆ ಟ್ರಾಲಿಯ ಮೇಲೆ ಕಾಯುತ್ತಿದ್ದಾರೆ ಎಂಬ ಲೆಕ್ಕವನ್ನು ಬಹಿರಂಗವಾಗಿ ಪ್ರಕಟಿಸುತ್ತದೆ. ಸಹಿ ಮಾಡುವ ಮುನ್ನ ಒಂದು ತಿಂಗಳು ಆ ಎರಡೂ ಆಸ್ಪತ್ರೆಗಳ ಅಂಕಿಗಳನ್ನು ನೋಡಿ. ಟ್ರಾಲಿಗಳು ಸದಾ ತುಂಬಿರುವ ಕಡೆ ಐಸಿಯುನ ನರ್ಸನ್ನೂ ಬೇರೆ ವಾರ್ಡಿಗೆ ಕಳಿಸುವ ಪ್ರಸಂಗ ಬರಬಹುದು, ಆದ್ದರಿಂದ ನಿಮ್ಮನ್ನು ಐಸಿಯುಗೇ ನೇಮಿಸುತ್ತಾರೆಯೇ ಎಂಬುದನ್ನು ನೇಮಕಾತಿ ಪತ್ರದಲ್ಲಿ ಬರೆಸಿಕೊಳ್ಳಿ. ನೋಂದಣಿಗೆ ಮುಂಚಿನ ಅಡಾಪ್ಟೇಷನ್ ಅವಧಿಯಲ್ಲಿ, ಎಂದರೆ ಆಸ್ಪತ್ರೆಯಲ್ಲಿ ಮೇಲ್ವಿಚಾರಣೆಯಡಿ ದುಡಿಯುವ ದಿನಗಳಲ್ಲಿ, ಸಂಬಳ ಎಷ್ಟು, ವಸತಿ ಯಾರದು, ಮೊದಲ ಎರಡು ತಿಂಗಳ ವಸತಿಯನ್ನು ಆಸ್ಪತ್ರೆ ಹುಡುಕಿ ಕೊಡುತ್ತದೆಯೇ ಎಂದೂ ಕೇಳಿ. ಇಂಗ್ಲಿಷ್ ಪರೀಕ್ಷೆಯನ್ನು ನೀವು ಇನ್ನೂ ಬರೆದಿಲ್ಲವಾದರೆ ಐಇಎಲ್‌ಟಿಎಸ್‌ಗಿಂತ ಒಇಟಿ ಎಂಬ, ಆರೋಗ್ಯ ವೃತ್ತಿಯವರಿಗೆಂದೇ ಇರುವ ಪರೀಕ್ಷೆ ನಿಮಗೆ ಹತ್ತಿರವಾದೀತು, ಏಕೆಂದರೆ ಅದರಲ್ಲಿ ರೋಗಿಯ ಜೊತೆಗಿನ ಸಂಭಾಷಣೆ, ಡಿಸ್ಚಾರ್ಜ್ ಪತ್ರದಂತಹ ನಿಮ್ಮ ನಿತ್ಯದ ಕೆಲಸವೇ ಪ್ರಶ್ನೆಯಾಗಿ ಬರುತ್ತದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಂಕಪಟ್ಟಿ, ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ದೃಢೀಕರಣ ಎರಡಕ್ಕೂ ಬೆಂಗಳೂರಿನ ಕೆಲಸ ಬೀಳುತ್ತದೆ. ಎರಡನ್ನೂ ಒಂದೇ ಪ್ರಯಾಣದಲ್ಲಿ ಮುಗಿಯುವಂತೆ ಹೊಂದಿಸಿಕೊಳ್ಳಿ.

ಪ್ರಶ್ನೆ: ನನ್ನ ಮಗ ಎಸ್ಸೆಸ್ಸೆಲ್ಸಿ ನಂತರ ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದ್ದಾನೆ, 22 ವರ್ಷ. ಮುಂಬೈಯ ಏಜೆಂಟರೊಬ್ಬರು ದೋಹಾ ಇಲ್ಲವೇ ರಿಯಾದ್ ಯಾವುದಾದರೂ ಆರಿಸಿಕೊಳ್ಳಿ, ವಿಸಿಟ್ ವೀಸಾದಲ್ಲಿ ಕಳಿಸುತ್ತೇವೆ, ಅಲ್ಲಿ ಹೋದ ಮೇಲೆ ಬದಲಿಸಿಕೊಡುತ್ತಾರೆ ಎಂದು 1.5 ಲಕ್ಷ ರೂಪಾಯಿ ಕೇಳಿದ್ದಾರೆ. ದ್ರಾಕ್ಷಿ ಮಾರಿದ ಹಣ ಕೈಯಲ್ಲಿದೆ. ಯಾವ ಊರು ಒಳ್ಳೆಯದು?
— ರೈತರು, ವಿಜಯಪುರ ಜಿಲ್ಲೆ

ಉತ್ತರ: ಯಜಮಾನರೇ, ಊರಿನ ಮಾತು ಆಮೇಲೆ. ವಿಸಿಟ್ ವೀಸಾದ ಮೇಲೆ ದುಡಿಯುವುದು ದೋಹಾ ಇರುವ ಕತಾರ್, ರಿಯಾದ್ ಇರುವ ಸೌದಿ ಎರಡೂ ದೇಶಗಳಲ್ಲಿ ಕಾನೂನುಬಾಹಿರ. ಸಿಕ್ಕಿಬಿದ್ದರೆ ದಂಡ ತೆರುವವನು, ಜೈಲಿನಲ್ಲಿ ಕೂರುವವನು ನಿಮ್ಮ ಮಗ. ಏಜೆಂಟರು ಮುಂಬೈಯಲ್ಲೇ ಇರುತ್ತಾರೆ. ಭಾರತ ಸರಕಾರದಲ್ಲಿ ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಅಷ್ಟೇ. ಅವರ ನೋಂದಣಿ ಸಂಖ್ಯೆಯನ್ನು ಕೇಳಿ, ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಅದು ಚಾಲ್ತಿಯಲ್ಲಿದೆಯೇ ಎಂದು ನೋಡಿ. ಸಂಖ್ಯೆ ಕೊಡಲು ಹಿಂದೇಟು ಹಾಕಿದರೆ ಅಲ್ಲಿಗೆ ಮಾತು ಮುಗಿಸಿ.

ಇನ್ನೊಂದು ಸಂಗತಿಯನ್ನು ನೀವು ತಿಳಿದಿರಬೇಕು. ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವಾಗ ಸರಕಾರದ ವಲಸೆ ಕಚೇರಿ ಅವರ ಕರಾರುಪತ್ರವನ್ನು ಪರಿಶೀಲಿಸಿ ಅನುಮತಿ ಕೊಟ್ಟರೆ ಮಾತ್ರ ಬಿಡುತ್ತಾರೆ, ಹತ್ತು ಲಕ್ಷ ರೂಪಾಯಿಯ ಅಪಘಾತ ವಿಮೆಯೂ ಅವರಿಗೆ ಕಡ್ಡಾಯ. ನಿಮ್ಮ ಮಗ ಎಸ್ಸೆಸ್ಸೆಲ್ಸಿ ಪಾಸಾಗಿರುವುದರಿಂದ ಅವನಿಗೆ ಆ ಅನುಮತಿ ಬೇಕಾಗಿಲ್ಲ. ಓದಿದ ಹುಡುಗನೆಂಬ ಕಾರಣಕ್ಕೇ ಅವನ ಕಾಗದಗಳನ್ನು ನೋಡುವವರು ಯಾರೂ ಇರುವುದಿಲ್ಲ ಎಂದಾಯಿತು, ಆದ್ದರಿಂದ ಆ ಕೆಲಸವನ್ನು ನೀವೇ ಮಾಡಬೇಕು.

ಎರಡು ಊರುಗಳಲ್ಲಿ ಒಂದನ್ನು ಹೇಳಲೇಬೇಕೆಂದರೆ, ಸರಿಯಾದ ಕೆಲಸದ ವೀಸಾ ಸಿಗುವುದಾದರೆ, ದೋಹಾ. ಕತಾರಿಗೆ ಹೋಗುವವರು ಮುಂಬೈ, ಹೈದರಾಬಾದ್ ಮುಂತಾದ ಕಡೆ ಇರುವ ಕತಾರ್ ವೀಸಾ ಕೇಂದ್ರದಲ್ಲಿ ವೈದ್ಯಕೀಯ ತಪಾಸಣೆ ಮತ್ತು ಬೆರಳಚ್ಚು ಕೊಟ್ಟು, ಕರಾರುಪತ್ರವನ್ನು ಓದಿ ಇಲ್ಲಿಯೇ ಸಹಿ ಮಾಡುತ್ತಾರೆ. ಆದ್ದರಿಂದ ಅಲ್ಲಿಗೆ ಹೋದ ಮೇಲೆ ಸಂಬಳ ಬೇರೆ ಎಂದು ಹೇಳುವುದು ಕಷ್ಟ. 2020ರಿಂದ ಮಾಲೀಕರ ಒಪ್ಪಿಗೆ ಪತ್ರವಿಲ್ಲದೆಯೂ ಅಲ್ಲಿ ಕೆಲಸ ಬದಲಿಸಬಹುದು. 2021ರ ಮಾರ್ಚಿನಿಂದ ಜಾರಿಯಲ್ಲಿರುವ ಕನಿಷ್ಠ ವೇತನ 1,000 ರಿಯಾಲ್. ವಸತಿ ಕೊಡದಿದ್ದರೆ 500, ಊಟ ಕೊಡದಿದ್ದರೆ 300 ರಿಯಾಲ್ ಹೆಚ್ಚು ಕೊಡಬೇಕು. ಅದು ಕನಿಷ್ಠ ಮಾತ್ರ, ಐಟಿಐ ಆದ ಎಲೆಕ್ಟ್ರಿಷಿಯನ್ನನಿಗೆ ಅದಕ್ಕಿಂತ ಹೆಚ್ಚು ಕೇಳಿ. ಸೌದಿಗೆ ಹೋಗುವ ಎಲೆಕ್ಟ್ರಿಷಿಯನ್ನರು ಇಲ್ಲಿಯೇ ಕೌಶಲ ಪರೀಕ್ಷೆ ಪಾಸು ಮಾಡಬೇಕೆಂಬ ನಿಯಮ ಬಂದಿದೆ. ಏಜೆಂಟರು ರಿಯಾದ್ ಎಂದಾಗ ಆ ಪರೀಕ್ಷೆಯ ಮಾತನ್ನೇ ಎತ್ತಿಲ್ಲವೆಂದರೆ ಅವರ ಬಳಿ ನಿಜವಾದ ಕೆಲಸದ ವೀಸಾ ಇಲ್ಲವೆಂದೇ ತಿಳಿಯಿರಿ.

ಕರಾರಿನಲ್ಲಿ ದಿನಕ್ಕೆ ಎಷ್ಟು ಗಂಟೆ, ಓವರ್‌ಟೈಮ್ ದರ ಎಷ್ಟು, ಕೋಣೆಯಲ್ಲಿ ಎಷ್ಟು ಜನ, ಎರಡು ವರ್ಷಕ್ಕೊಮ್ಮೆ ಊರಿಗೆ ಬರುವ ಟಿಕೆಟ್ ಯಾರದು ಎಂಬುದಿರಲಿ. ಕೆಲಸ ಕಟ್ಟಡದ ಹೊರಗಿನದೋ ಒಳಗಿನದೋ ಎಂದೂ ಕೇಳಿ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವುದನ್ನು ಕತಾರ್ ನಿಷೇಧಿಸಿದೆ, ಅದು ನಿಮ್ಮ ಮಗನಿಗೂ ಗೊತ್ತಿರಲಿ. ಕೊಡುವ ಹಣವನ್ನು ಬ್ಯಾಂಕಿನ ಮೂಲಕವೇ ಕೊಟ್ಟು ರಸೀದಿ ಪಡೆಯಿರಿ. ಪಾಸ್‌ಪೋರ್ಟ್, ಕರಾರು, ರಸೀದಿ ಮೂರರ ಪ್ರತಿಗಳು ಒಂದು ಜೊತೆ ಮಗನ ಮೊಬೈಲಿನಲ್ಲಿ, ಒಂದು ಜೊತೆ ನಿಮ್ಮ ಮನೆಯಲ್ಲಿ ಇರಬೇಕು. ದೋಹಾದ ಭಾರತೀಯ ರಾಯಭಾರ ಕಚೇರಿಯ ದೂರವಾಣಿ ಸಂಖ್ಯೆಯನ್ನು ಹೊರಡುವ ಮುನ್ನವೇ ಅವನು ಬರೆದಿಟ್ಟುಕೊಂಡಿರಲಿ.